ಅರ್ಧ ಸಂಬಳದಲ್ಲಿ ಮನೆ ನಡೆಸಬೇಕು: ಮೊದಲು ಯಾರಿಗೆ ಕೊಡೋದು, ಯಾವುದನ್ನ ನಿಲ್ಲಿಸೋದು?

ಸೂಜಿದಾರ_ರಾಜಾಜಿನಗರ · 8 ಏಪ್ರಿಲ್ 2020

ಎಲ್ಲರಿಗೂ ನಮಸ್ಕಾರ. ನಮ್ಮೆಜಮಾನ್ರು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಸಂಬಳ 34 ಸಾವಿರ. ಕೊರೊನಾ ಲಾಕ್‌ಡೌನ್ ಅಂತ ಮಾರ್ಚ್ ತಿಂಗಳದ್ದು ಅರ್ಧ ಹಾಕಿದ್ದಾರೆ, ಏಪ್ರಿಲ್ ಬಗ್ಗೆ ಈಗಲೇ ಏನೂ ಹೇಳೋಕಾಗಲ್ಲ ಅಂದಿದ್ದಾರೆ. ನಾನು ಮನೇಲೇ ಬ್ಲೌಸ್ ಹೊಲೀತೀನಿ. ಏಪ್ರಿಲ್, ಮೇ ಮದುವೆ ಕಾಲ. ನನ್ನ ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಈ ಎರಡು ತಿಂಗಳದ್ದೇ. ಈಗ ಛತ್ರಗಳೆಲ್ಲ ಮುಚ್ಚಿವೆ, ಹೊಲಿದು ಇಸ್ತ್ರಿ ಮಾಡಿಟ್ಟ ಬ್ಲೌಸ್‌ಗಳನ್ನ ತಗೊಂಡು ಹೋಗೋಕೂ ಯಾರೂ ಬಂದಿಲ್ಲ.

ತಿಂಗಳ ಖರ್ಚು ಬರೀತೀನಿ. ಬಾಡಿಗೆ 12,000. ನಾದಿನಿ ಮದುವೆಗೆ ತೆಗೆದ ಪರ್ಸನಲ್ ಲೋನ್ ಕಂತು 6,400. ಗಾಡಿ ಕಂತು 3,100. ಬೀದಿಯವರೆಲ್ಲ ಸೇರಿ ಹಾಕೋ ಚೀಟಿ 5,000, ನಾನಿನ್ನೂ ಎತ್ತಿಲ್ಲ. ಅತ್ತೆಯವರ ಬಿಪಿ, ಶುಗರ್ ಮಾತ್ರೆ 1,800. ಹಾಲು, ದಿನಸಿ, ತರಕಾರಿ, ಗ್ಯಾಸ್ ಸೇರಿ 12 ಸಾವಿರದ ಹತ್ತಿರ. ಎಲ್ಐಸಿ ಕಂತೂ ಈ ತಿಂಗಳೇ ಬಂದಿದೆ. ಉಳಿತಾಯ ಅಂತ ಬ್ಯಾಂಕಲ್ಲಿ ಇರೋದು 58 ಸಾವಿರ.

ಇನ್ನೊಂದು ವಿಷಯ. ನನ್ನ ಹತ್ರ ಹೆಮ್ಮಿಂಗ್ ಮಾಡೋಕೆ, ಹುಕ್ಸ್ ಹಾಕೋಕೆ ಪಕ್ಕದ ಕ್ರಾಸ್‌ನಿಂದ ಒಬ್ಬರು ಬರ್ತಾರೆ. ತಿಂಗಳಿಗೆ 3,000 ಕೊಡ್ತೀನಿ. ಆಕೆಯ ಗಂಡ ಗಾರೆ ಕೆಲಸ, ಅದೂ ನಿಂತಿದೆ. ನನಗೇ ಕೆಲಸ ಇಲ್ಲದಿರುವಾಗ ಆಕೆಗೆ ಕೊಡಬೇಕಾ? ಮನಸ್ಸು ಕೊಡು ಅನ್ನುತ್ತೆ, ಲೆಕ್ಕ ಬೇಡ ಅನ್ನುತ್ತೆ.

ಮಗಳು ಎಸ್ಸೆಸ್ಸೆಲ್ಸಿ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಗಿ ದಿನಾ ಅಳ್ತಾಳೆ. ಮಗ ಆರನೇ ಕ್ಲಾಸು. ಎರಡು ರೂಮಿನ ಮನೆ, ಐದು ಜನ, ಇರೋದು ಒಂದೇ ದೊಡ್ಡ ಫೋನು. ಅನುಭವ ಇರೋರು ದಯವಿಟ್ಟು ಹೇಳಿ.

ಬ್ಯಾಂಕ್_ನಿವೃತ್ತ · 8 ಏಪ್ರಿಲ್ 2020

ತಂಗಿ, ಇಷ್ಟು ಬಿಚ್ಚಿ ಬರೆದಿದ್ದೀರಲ್ಲ, ಅರ್ಧ ಕೆಲಸ ಮುಗಿದ ಹಾಗೆ. ಬ್ಯಾಂಕಿನ ವಿಷಯ ನಾನು ಹೇಳ್ತೀನಿ.

ರಿಸರ್ವ್ ಬ್ಯಾಂಕ್ ಮಾರ್ಚ್ 27ರಂದು ಕೊಟ್ಟ ಅನುಮತಿಯ ಪ್ರಕಾರ ಮಾರ್ಚ್ 1ರಿಂದ ಮೇ 31ರವರೆಗಿನ ಸಾಲದ ಕಂತುಗಳನ್ನ ಮುಂದೂಡಬಹುದು. ಸಾಲ ಹೇಗೆ ತೀರಿಸ್ತೀವಿ ಅಂತ ನೋಡಿ ಕೊಡೋ ಸಿಬಿಲ್ ಅಂಕಕ್ಕೆ ಪೆಟ್ಟು ಬೀಳಲ್ಲ. ಆದರೆ ಇದು ಮನ್ನಾ ಅಲ್ಲ. ಟಿವಿ ನೋಡಿ ಮೂರು ಕಂತು ಮಾಫಿ ಅಂದುಕೊಂಡವರು ನನಗೇ ಎಷ್ಟೋ ಜನ ಫೋನ್ ಮಾಡಿದ್ದಾರೆ. ಬಡ್ಡಿ ಓಡ್ತಾನೇ ಇರುತ್ತೆ, ಅಸಲಿಗೆ ಸೇರುತ್ತೆ.

ನಿಮ್ಮ ಪರ್ಸನಲ್ ಲೋನ್ ಬಾಕಿ ಒಂದೂವರೆ ಲಕ್ಷ, ಬಡ್ಡಿ ಶೇ. 14 ಅಂತ ಇಟ್ಟುಕೊಳ್ಳಿ. ತಿಂಗಳ ಬಡ್ಡಿ 1,750. ಮೂರು ತಿಂಗಳು ಮುಂದೂಡಿದರೆ ಮೈಮೇಲೆ ಬರೋದು 5,300 ರೂಪಾಯಿ ಚಿಲ್ಲರೆ. ಅದಕ್ಕೆ ಬದಲಾಗಿ ಈಗ ಕೈಯಲ್ಲಿ ಉಳಿಯೋದು 19,200. ನಿಮ್ಮ ಪರಿಸ್ಥಿತಿಯಲ್ಲಿ ನಾನಾದರೆ ಮುಂದೂಡ್ತೀನಿ. ಗಾಡಿ ಕಂತಿಗೂ ಕೇಳಿ.

ಗೃಹಸಾಲದ ಮಾತು ಬೇರೆ, ಓದ್ತಿರೋ ಉಳಿದವರಿಗಾಗಿ ಹೇಳ್ತೀನಿ. 25 ಲಕ್ಷ, ಶೇ. 8.5, 20 ವರ್ಷ, ಈಗಷ್ಟೇ ಶುರುವಾದ ಸಾಲ ಅಂದುಕೊಳ್ಳಿ. ಕಂತು 21,700ರ ಹತ್ತಿರ. ಮೂರು ಕಂತು ಬಿಟ್ಟು, ಆಮೇಲೆ ಅದೇ ಕಂತು ಕಟ್ಟುತ್ತಾ ಹೋದರೆ ಕೊನೆಯಲ್ಲಿ ಸುಮಾರು 14 ಕಂತು ಹೆಚ್ಚಿಗೆ ಕಟ್ಟಬೇಕಾಗುತ್ತೆ. ಪೂರ್ತಿ ಸಂಬಳ ಬರ್ತಿರೋರು ಯಾಕೆ ಈ ಸುಳಿಗೆ ಬೀಳಬೇಕು? ಕ್ರೆಡಿಟ್ ಕಾರ್ಡ್ ಬಾಕಿ ಮುಂದೂಡೋದಂತೂ ಬೇಡವೇ ಬೇಡ, ಅದರ ಬಡ್ಡಿ ತಿಂಗಳಿಗೇ ಶೇ. 3ರ ಮೇಲಿರುತ್ತೆ.

ಎಲ್ಐಸಿ ಬಗ್ಗೆ: ಮಾರ್ಚ್, ಏಪ್ರಿಲ್‌ನಲ್ಲಿ ಬರೋ ಜೀವವಿಮೆ ಕಂತಿಗೆ 30 ದಿನ ಹೆಚ್ಚಿನ ಅವಕಾಶ ಕೊಟ್ಟಿದ್ದಾರೆ. ಪಾಲಿಸಿ ಕೈಬಿಡಬೇಡಿ.

"ಕಂತು ಮುಂದೂಡಿಕೊಡ್ತೀವಿ, ಓಟಿಪಿ ಹೇಳಿ" ಅಂತ ಯಾರಾದರೂ ಫೋನ್ ಮಾಡಿದರೆ ತಕ್ಷಣ ಇಟ್ಟುಬಿಡಿ. ಯಾವ ಬ್ಯಾಂಕೂ ಓಟಿಪಿ ಕೇಳಲ್ಲ.

ಪೀಣ್ಯ_ಲೆಕ್ಕಪತ್ರ · 9 ಏಪ್ರಿಲ್ 2020

ಮೇಡಂ, ನಾನು ಅದೇ ಪೀಣ್ಯದಲ್ಲಿ ಬೇರೊಂದು ಫ್ಯಾಕ್ಟರಿಯ ಸಂಬಳದ ವಿಭಾಗದಲ್ಲಿದ್ದೀನಿ. ಎರಡು ಮಾತು.

ಮುಚ್ಚಿದ ದಿನಗಳಿಗೂ ಕಡಿತ ಇಲ್ಲದೆ ಸಂಬಳ ಕೊಡಬೇಕು ಅಂತ ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಆದೇಶ ಮಾಡಿದೆ. ನಿಮ್ಮೆಜಮಾನ್ರು ಒಬ್ಬರೇ ಹೋಗಿ ಜಗಳ ಮಾಡೋದು ಬೇಡ, ಆದರೆ ಜೊತೆಯವರೆಲ್ಲ ಸೇರಿ ಬರವಣಿಗೆಯಲ್ಲಿ ಕೇಳಲಿ. ಬಾಯಿಮಾತಿಗೆ ದಾಖಲೆ ಇರಲ್ಲ.

ಪಿಎಫ್‌ನಿಂದಲೂ ಈಗ ತೆಗೆಯಬಹುದು. ಮೂರು ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ), ಇಲ್ಲವೇ ಖಾತೆಯಲ್ಲಿರೋದರ ಶೇ. 75, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ವಾಪಸ್ ಕಟ್ಟಬೇಕಾಗಿಲ್ಲ. ಬೇಸಿಕ್ 15 ಸಾವಿರ ಇದ್ದರೆ 45 ಸಾವಿರದವರೆಗೆ ಸಿಗುತ್ತೆ. ಯುಎಎನ್‌ಗೆ, ಅಂದರೆ ಪಿಎಫ್ ನಂಬರ್‌ಗೆ, ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಣೆ ಆಗಿರಬೇಕು. ಆಧಾರ್‌ನಲ್ಲಿರೋ ಹೆಸರು, ಪಿಎಫ್‌ನಲ್ಲಿರೋ ಹೆಸರು ಒಂದೇ ಥರ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದಕ್ಕೇ ಅರ್ಜಿ ವಾಪಸ್ ಬಂದಿರೋದನ್ನ ನಾನು ದಿನಾ ನೋಡ್ತಿದ್ದೀನಿ.

ಆದರೆ ಅದನ್ನ ಈಗಲೇ ತೆಗೀಬೇಡಿ. ಮೊದಲು ಆ 58 ಸಾವಿರ, ಆಮೇಲೆ ಪಿಎಫ್.

ಹುಬ್ಬಳ್ಳಿ_ಅವ್ವ · 9 ಏಪ್ರಿಲ್ 2020

ಅಕ್ಕಾರ, ಮೇಲಿನವ್ರು ಬ್ಯಾಂಕಿಂದು ಚೊಲೊ ಹೇಳ್ಯಾರ. ನಾ ಮನಿ ಒಳಗಿಂದು ಹೇಳ್ತೀನಿ.

ನೀವು ಇಲ್ಲೆ ಬರದ ಲೆಕ್ಕ ನಿಮ್ಮ ಮಗಳಿಗೆ ತೋರಿಸೀರಿ ಏನು? ತೋರಿಸ್ರಿ. ಮಗಗೂ ತೋರಿಸ್ರಿ. ನಮ್ಮ ಮನಿಯವರ್ದು ದುರ್ಗದಬೈಲಿನ್ಯಾಗ ಬಟ್ಟಿ ಅಂಗಡಿ, ಯುಗಾದಿ ಸಲುವಾಗಿ ತಂದ ಮಾಲು ಹಂಗ ಐತಿ. ಯುಗಾದಿ ದಿನಾನ ಲಾಕ್‌ಡೌನ್ ಶುರು ಆತಲ್ಲ. ಮೊದಮೊದಲ ನಾವಿಬ್ರು ರಾತ್ರಿ ಮಕ್ಕಳು ಮಲಗಿದ ಮ್ಯಾಲೆ ಪಿಸುಪಿಸು ಮಾತಾಡ್ತಿದ್ವಿ. ಮಕ್ಕಳಿಗೆ ನಿದ್ದಿ ಎಲ್ಲಿ ಬರ್ತದರಿ? ಅವಕ್ಕ ಅರ್ಧ ಕೇಳಿ ಅಂಜಿಕಿ ಜಾಸ್ತಿ ಆಗಿತ್ತು. ಈಗ ಒಂದು ನೋಟಬುಕ್ ಅಡಿಗಿಮನಿ ಮಾಡದಾಗ ಇಟ್ಟೀನಿ. ಎಡಕ್ಕ ಬಂದದ್ದು, ಬಲಕ್ಕ ಹೋದದ್ದು. ಯಾರ ಖರ್ಚ ಮಾಡ್ತಾರೋ ಅವ್ರ ಬರೀಬೇಕು. ನನ್ನ ಸಣ್ಣ ಮಗ ಬಿಸ್ಕಿಟ್ ಐದು ರೂಪಾಯಿ ಅಂತ ಬರದಾನ. ಅಂವಾ ಬರಿಯಾಕ ಹತ್ತಿದ ಮ್ಯಾಲೆ ಹಟ ಮಾಡೂದು ಕಡಿಮಿ ಆಗೇತಿ.

ಅಡಿಗಿ ಬಗ್ಗೆ: ಹಾಲು, ಬ್ಯಾಳಿ, ಅತ್ತಿಯವರ ಗುಳಿಗಿ, ಈ ಮೂರಕ್ಕ ಕೈ ಹಚ್ಚಬ್ಯಾಡ್ರಿ. ಉಳಿದದ್ದು ಕಡಿಮಿ ಮಾಡ್ರಿ. ನಾವು ಎಣ್ಣಿ ತಿನಿಸು ಬಿಟ್ಟೀವಿ, ಬ್ರೆಡ್ ಬಿಟ್ಟೀವಿ, ಮುಂಜಾನಿ ರೊಟ್ಟಿ, ರಾತ್ರಿ ಅನ್ನ ಸಾರು. ಶೇಂಗಾ ಚಟ್ನಿ, ಅಗಸಿ ಚಟ್ನಿ ಒಮ್ಮೆ ಕುಟ್ಟಿ ಇಟ್ರ ಪಲ್ಲೆ ಇಲ್ಲದ ದಿನಾನೂ ನಡೀತದ. ಹೆಣ್ಮಕ್ಕಳು ತಾವು ಉಪಾಸ ಇದ್ದು ಉಳಸೂದು ಮಾತ್ರ ಮಾಡಬ್ಯಾಡ್ರಿ. ನಮ್ಮ ಓಣ್ಯಾಗ ಅದ ನಡದೈತಿ, ನೋಡಿ ಹೊಟ್ಟಿ ಉರೀತದ.

ವಿಜಯನಗರ_ನಿವಾಸಿ · 9 ಏಪ್ರಿಲ್ 2020

ಬಾಡಿಗೆ ಬಗ್ಗೆ ಯಾರೂ ಹೇಳಲಿಲ್ಲ. ಬೆಂಗಳೂರಲ್ಲಿ ಅಡ್ವಾನ್ಸ್ ಹತ್ತು ತಿಂಗಳ ಬಾಡಿಗೆಯಷ್ಟು ಕೊಟ್ಟಿರ್ತೀವಿ. ನಿಮ್ಮದು ಒಂದು ಲಕ್ಷವಾದರೂ ಓನರ್ ಹತ್ರ ಇರುತ್ತೆ. ಎರಡು ತಿಂಗಳ ಬಾಡಿಗೆ ಅದರಲ್ಲಿ ಮುರಿದುಕೊಳ್ಳಿ ಅಂತ ಹೇಳಿ. ನಿಮ್ಮ ದುಡ್ಡೇ ಅದು. ಸರ್ಕಾರದ ಅದೇ ಮಾರ್ಚ್ 29ರ ಆದೇಶದಲ್ಲಿ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು ಅಂತಲೂ ಇದೆ. ಕೊಡದೇ ಇದ್ದರೂ ಏನೂ ಮಾಡೋಕಾಗಲ್ಲ.

ಮೈಸೂರು_ಅಜ್ಜಿ · 10 ಏಪ್ರಿಲ್ 2020

ವಿಜಯನಗರದವರಿಗೆ ಒಂದು ಮಾತು. ನನ್ನ ಯಜಮಾನರು ಹೋಗಿ ಕೆಲವು ವರ್ಷ ಆಯಿತು. ಪಿಂಚಣಿ ಇಲ್ಲ. ಕುವೆಂಪುನಗರದಲ್ಲಿ ಕೆಳಗೆ ನಾನಿದ್ದೇನೆ, ಮೇಲಿನ ಮನೆಯ 9,000 ಬಾಡಿಗೆಯೇ ನನ್ನ ಊಟ, ಔಷಧಿ ಎಲ್ಲ. ಅಡ್ವಾನ್ಸ್ ಹಣ ಕಪಾಟಿನಲ್ಲಿ ಕೂತಿರುತ್ತದೆಯೇ? ಮನೆಗೆ ಸುಣ್ಣಬಣ್ಣ ಮಾಡಿಸಿ, ಬೋರ್‌ವೆಲ್ ಮೋಟಾರು ಹಾಕಿಸಿ ಅದು ಎಂದೋ ಕರಗಿದೆ. ಓನರ್ ಎಂದರೆ ಎಲ್ಲರೂ ನಾಲ್ಕು ಮಹಡಿ ಕಟ್ಟಿಸಿದವರಲ್ಲ.

ನನ್ನ ಬಾಡಿಗೆದಾರ ಹುಡುಗ ಹೋಟೆಲಿನಲ್ಲಿ ಕ್ಯಾಶಿಯರ್, ಹೋಟೆಲು ಮುಚ್ಚಿದೆ. ಅವನು ನನ್ನನ್ನು ತಪ್ಪಿಸಿಕೊಂಡು ಓಡಾಡಲಿಲ್ಲ. ಬಂದು ಜಗುಲಿಯಲ್ಲಿ ದೂರದಲ್ಲೇ ಕೂತು, "ಅಮ್ಮ, ಈ ತಿಂಗಳು ಐದು ಸಾವಿರ ಕೊಡ್ತೀನಿ, ಉಳಿದದ್ದು ಹೋಟೆಲ್ ತೆರೆದ ಮೇಲೆ ತಿಂಗಳಿಗೆ ಸಾವಿರದಂತೆ ತೀರಿಸ್ತೀನಿ" ಎಂದ. ನಾನು ಒಪ್ಪಿದೆ. ನನ್ನ ಮಾತ್ರೆಗಳನ್ನೂ ಅವನೇ ತಂದುಕೊಡುತ್ತಾನೆ. ಸೂಜಿದಾರ ಅವರೇ, ಮೊದಲು ನಿಮ್ಮ ಮನೆಯೊಡತಿಯ ಮನೆ ಹೇಗೆ ನಡೆಯುತ್ತಿದೆ ಎಂದು ಕೇಳಿ. ಆಮೇಲೆ ಆದೇಶದ ಮಾತು.

ವಿಜಯನಗರ_ನಿವಾಸಿ · 10 ಏಪ್ರಿಲ್ 2020

ಅಮ್ಮಾ, ನೀವು ಹೇಳಿದ್ದು ಒಪ್ಪಿದೆ. ನಮ್ಮ ಓನರ್‌ಗೆ ಆರು ಮನೆ ಇದೆ, ಆದರೂ ಒಂದು ದಿನ ತಡ ಆದರೆ ಮೆಸೇಜು ಬರುತ್ತೆ. ಎಲ್ಲ ಓನರ್‌ಗಳಿಗೂ ಒಂದೇ ಸಲಹೆ ಆಗಲ್ಲ.

ಸೇವಂತಿಗೆ_ಚಿಕ್ಕಬಳ್ಳಾಪುರ · 11 ಏಪ್ರಿಲ್ 2020

ಅಕ್ಕ, ಆ ಹೆಮ್ಮಿಂಗ್ ಮಾಡೋ ಹೆಣ್ಣುಮಗಳ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೇ ಬರೀತಿದ್ದೀನಿ.

ನಾನು ಎರಡು ಎಕರೆ ಸೇವಂತಿಗೆ ಇಟ್ಟಿದ್ದೆ. ಮದುವೆ, ಜಾತ್ರೆ, ಯುಗಾದಿ ಲೆಕ್ಕ ಹಾಕಿಯೇ ನಾಟಿ ಮಾಡೋದು. ಹೂವು ಗಿಡದಲ್ಲಿದ್ದಂಗೇ ಮಾರ್ಕೆಟ್ಟು ಮುಚ್ಚಿತು. ದೇವಸ್ಥಾನ ಇಲ್ಲ, ಛತ್ರ ಇಲ್ಲ. ಕೀಳೋ ಕೂಲಿಯೂ ಹುಟ್ಟಲ್ಲ ಅಂತ ಟ್ರ್ಯಾಕ್ಟರ್ ಬಿಟ್ಟು ಉತ್ತುಬಿಟ್ಟೆ. ನನ್ನ ಹತ್ರ ವರ್ಷಗಟ್ಟಲೆಯಿಂದ ಹೂ ಬಿಡಿಸೋಕೆ ಬರೋ ಆರು ಜನ ಹೆಂಗಸರಿದ್ದಾರೆ. ಅವರು ಬರದಿದ್ದರೆ ಮುಂದಿನ ಬೆಳೆ ನನ್ನ ಕೈಯಲ್ಲಿ ಆಗಲ್ಲ. ದುಡ್ಡು ಕೊಡೋ ಶಕ್ತಿ ನನಗಿಲ್ಲ. ಮನೇಲಿ ರಾಗಿ ಇತ್ತು. ಮನೆಗೊಂದು ಮೂಟೆ ಅಂತ ಹಾಕಿಬಂದೆ, ನಮಗೆ ಹೊಸ ಬೆಳೆವರೆಗೆ ಆಗೋಷ್ಟು ಉಳಿಸಿಕೊಂಡು. ಹೆಂಡತಿ ಮೊದಲು ಬೇಡ ಅಂದಳು, ಆಮೇಲೆ ಅವಳೇ ಹುರುಳಿಕಾಳು ಅಳೆದು ಕಟ್ಟಿಕೊಟ್ಟಳು.

ಬ್ಯಾಂಕಿನವರು ಕಂತಿಗೆ ಮೂರು ತಿಂಗಳು ಕಾಯ್ತಾರೆ, ಬಡ್ಡಿ ಹಾಕ್ತಾರೆ, ಕಾಯ್ತಾರೆ. ಆ ಹೆಣ್ಣುಮಗಳ ಒಲೆ ಮೂರು ದಿನ ಕಾಯಲ್ಲ. ಪೂರ್ತಿ ಮೂರು ಸಾವಿರ ಆಗದಿದ್ದರೆ ಒಂದೂವರೆ ಕೊಡಿ, ಅಕ್ಕಿ ಬೇಳೆ ಕೊಡಿ. ಆಕೆಯ ಗಂಡನಿಗೆ ಕಟ್ಟಡ ಕಾರ್ಮಿಕರ ಕಾರ್ಡ್ ಇದೆಯಾ ವಿಚಾರಿಸಿ. ಕಾರ್ಡ್ ಇದ್ದವರ ಖಾತೆಗೆ ಸರ್ಕಾರ 2,000 ಹಾಕ್ತಿದೆ. ಜನಧನ್ ಖಾತೆ ಆಕೆಯ ಹೆಸರಲ್ಲಿದ್ದರೆ ಮೂರು ತಿಂಗಳು 500 ಬರುತ್ತೆ. ರೇಷನ್ ಕಾರ್ಡಿಗೆ ಏಪ್ರಿಲ್, ಮೇ ಎರಡೂ ತಿಂಗಳ ಪಡಿತರ ಒಟ್ಟಿಗೆ ಕೊಡ್ತಿದ್ದಾರೆ. ಇದೆಲ್ಲ ಆಕೆಗೆ ಗೊತ್ತಿದೆಯೋ ಇಲ್ಲವೋ. ನಿಮ್ಮ ದೊಡ್ಡ ಫೋನಲ್ಲಿ ನೋಡಿ ಹೇಳೋದಕ್ಕೆ ದುಡ್ಡು ಖರ್ಚಾಗಲ್ಲ.

ಸೂಜಿದಾರ_ರಾಜಾಜಿನಗರ · 21 ಏಪ್ರಿಲ್ 2020

ಎಲ್ಲರಿಗೂ ಕೈಮುಗೀತೀನಿ. ನೀವು ಹೇಳಿದ ಮೇಲೆ ಏನೇನಾಯ್ತು ಅಂತ ಬರೀತೀನಿ, ಇನ್ನೊಬ್ಬರಿಗೆ ಉಪಯೋಗ ಆಗಲಿ.

ಎರಡೂ ಸಾಲದ ಕಂತು ಮುಂದೂಡಿಸಿದ್ವಿ. ಚೀಟಿಯವರೆಲ್ಲ ವಾಟ್ಸಾಪಲ್ಲಿ ಮಾತಾಡಿ ಎರಡು ತಿಂಗಳು ನಿಲ್ಲಿಸಿದ್ದೀವಿ. ಎತ್ತಿದವರು, ಎತ್ತದವರು ಎಲ್ಲರೂ ಒಪ್ಪಿ, ಒಪ್ಪಿಗೆ ಅಂತ ಬರೆದು ಹಾಕಿದ್ದಾರೆ. ಓನರ್ ಆಂಟಿ ಹತ್ರ ಹೋಗಿ ಮಾತಾಡಿದೆ. ಅವರ ಮಗನಿಗೂ ಸಂಬಳ ಕಡಿತ ಆಗಿದೆಯಂತೆ. ಏಪ್ರಿಲ್‌ಗೆ 6,000 ಕೊಟ್ಟಿದ್ದೀನಿ, ಉಳಿದದ್ದು ಅಡ್ವಾನ್ಸಲ್ಲಿ ಮುರಿದುಕೊಂಡು ದೀಪಾವಳಿ ಹೊತ್ತಿಗೆ ತುಂಬಿಕೊಡೋದು ಅಂತ ಮಾತಾಗಿದೆ.

ಹೆಮ್ಮಿಂಗ್ ಅಕ್ಕನಿಗೆ 1,500 ಮತ್ತು ದಿನಸಿ ಕೊಟ್ಟೆ. ಅವರ ಯಜಮಾನರ ಹತ್ರ ಕಾರ್ಡ್ ಇತ್ತು, ಆದರೆ ಖಾತೆ ನಂಬರ್ ಹಳೇದು ಕೊಟ್ಟಿದ್ದರು, ಅದನ್ನ ಸರಿ ಮಾಡಿಸಬೇಕು. ಅವರೇ ಒಂದು ದಾರಿ ತೋರಿಸಿದರು: "ಅಕ್ಕಾ, ಎಲ್ಲರೂ ಮಾಸ್ಕ್ ಕೇಳ್ತಾರೆ, ನಮ್ಮ ಹತ್ರ ಲೈನಿಂಗ್ ಬಟ್ಟೆ ಬಿದ್ದಿದೆಯಲ್ಲ." ಮೂಟೆ ಬಿಚ್ಚಿದರೆ ಕಾಟನ್ ಲೈನಿಂಗ್ ತುಂಡುಗಳು ಎಷ್ಟೊಂದು! ಎಲಾಸ್ಟಿಕ್ ಸಿಗಲಿಲ್ಲ, ಚಿಕ್ಕಪೇಟೆ ಮುಚ್ಚಿದೆ. ಅದೇ ಬಟ್ಟೆಯಲ್ಲಿ ಲಾಡಿ ಹೊಲಿದು ತಲೆ ಹಿಂದೆ ಕಟ್ಟೋ ಹಾಗೆ ಮಾಡಿದ್ವಿ. ಎರಡು ಪದರ, ಮಧ್ಯ ಮೂರು ನೆರಿಗೆ. ನೆರಿಗೆ ಕೆಳಮುಖವಾಗಿ ಬರಬೇಕು, ಮೇಲ್ಮುಖ ಆದರೆ ಧೂಳು ಕೂರುತ್ತೆ. ನಾನು ಕತ್ತರಿಸಿ ಹೊಲೀತೀನಿ, ಅವರು ಅವರ ಮನೇಲಿ ಲಾಡಿ ಮಡಚಿ ಕೊಡ್ತಾರೆ. ಮೆಡಿಕಲ್ ಶಾಪಿನವರು ಒಂದಕ್ಕೆ 15 ರೂಪಾಯಿ ಕೊಡ್ತಿದ್ದಾರೆ. ಬ್ಲೌಸಿನ ದುಡ್ಡಿಗೆ ಸಾಟಿ ಅಲ್ಲ, ಆದರೆ ಹಾಲು, ತರಕಾರಿ ಅದರಲ್ಲೇ ನಡೀತಿದೆ.

ಫೋನಿನ ಜಗಳಕ್ಕೆ ವೇಳಾಪಟ್ಟಿ ಗೋಡೆಗೆ ಅಂಟಿಸಿದ್ದೀವಿ. ಬೆಳಿಗ್ಗೆ ಮಗಳಿಗೆ, ಮಧ್ಯಾಹ್ನ ಮಗನಿಗೆ, ಸಂಜೆ ಅತ್ತೆಯವರು ನಾದಿನಿ ಜೊತೆ ಮಾತಾಡೋಕೆ. ಅತ್ತೆಯವರ ಹೊತ್ತನ್ನ ಮಕ್ಕಳು ಕಿತ್ತುಕೊಳ್ಳೋ ಹಾಗಿಲ್ಲ. ನಮ್ಮೆಜಮಾನ್ರು ಮೊದಲ ವಾರ ಸುಮ್ಮನೆ ಗೋಡೆ ನೋಡ್ತಾ ಕೂತಿರ್ತಿದ್ದರು. ನಾನು ಮಿಷನ್ ಮೇಲೆ ಕೂತಾಗ ಅಡುಗೆ ಅವರಿಗೇ ಬಂತು. ಸಾರು, ಪಲ್ಯ, ಮುದ್ದೆ ಎಲ್ಲ ಕಲಿತಿದ್ದಾರೆ. ನೋಟ್‌ಬುಕ್ಕನ್ನ ಬರೆಯೋದು ಮಗಳು. ಅವಳ ಅಳು ನಿಂತಿದ್ದು ಆ ಲೆಕ್ಕದಿಂದ ಅಂತ ನಾನು ಗಟ್ಟಿಯಾಗಿ ನಂಬಿದ್ದೀನಿ, ಹುಬ್ಬಳ್ಳಿ ಅವ್ವ. ದುಡ್ಡು ಎಷ್ಟು ತಿಂಗಳು ಬರುತ್ತೆ ಅಂತ ಅವಳೇ ಭಾಗಿಸಿ ನೋಡಿದಳು. ಆಗಸ್ಟ್‌ವರೆಗೆ ಬರುತ್ತಮ್ಮ ಅಂದಳು.

ಯಶವಂತಪುರ_ಆಟೋ · 7 ಮೇ 2020

ನಿನ್ನೆ ಮುಖ್ಯಮಂತ್ರಿಗಳು ಆಟೋ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಅಗಸರಿಗೆ ತಲಾ 5,000 ಘೋಷಿಸಿದ್ದಾರೆ. ಸೇವಂತಿಗೆ ಅಣ್ಣ, ಹೂ ಬೆಳೆಗಾರರಿಗೂ ಹೆಕ್ಟೇರಿಗೆ 25,000 ಅಂದಿದ್ದಾರೆ, ಒಂದು ಹೆಕ್ಟೇರಿಗೆ ಮಾತ್ರ. ಪಹಣಿ ಸರಿಯಾಗಿದೆಯಾ ನೋಡಿಕೊಳ್ಳಿ.

ಇದನ್ನ ಹೆಂಗಸರು ಓದ್ತಿರೋ ಕಡೆ ಹೇಳಲೇಬೇಕು ಅಂತ ಬರೀತಿದ್ದೀನಿ. ಬಾರ್ ಮುಚ್ಚಿದ್ದಾಗ ನಮ್ಮ ಸ್ಟ್ಯಾಂಡಿನ ಅರ್ಧ ಜನರ ಮನೆ ನೆಮ್ಮದಿಯಾಗಿತ್ತು, ದುಡಿಮೆ ಇಲ್ಲದಿದ್ದರೂ. ಮೇ 4ಕ್ಕೆ ಅಂಗಡಿ ತೆರೆದ ದಿನ ಕ್ಯೂನಲ್ಲಿ ನಿಂತಿದ್ದವರಲ್ಲಿ ನಮ್ಮವರೂ ಇದ್ದರು, ಮನೆಯ ಕೊನೇ ದುಡ್ಡು ಹಿಡಿದುಕೊಂಡು. ಈ 5,000 ಬಂದಾಗ ಅದು ಹೆಂಡತಿ ಕೈಗೆ ಹೋಗೋ ಹಾಗೆ ಮಾಡಿಕೊಳ್ಳಿ. ನಾನು ನಮ್ಮ ಮನೆಯಾಕೆ ಕೈಗೆ ಎಟಿಎಂ ಕಾರ್ಡ್ ಕೊಟ್ಟಾಗಿದೆ.

ಹುಬ್ಬಳ್ಳಿ_ಅವ್ವ · 7 ಮೇ 2020

ನಿಮ್ಮಂಥ ಅಣ್ಣಗೋಳು ನಾಕ ಮಂದಿಗೆ ಇದನ್ನ ಹೇಳ್ರಿ. ನಾವು ಹೆಣ್ಮಕ್ಕಳು ಹೇಳಿದ್ರ ಜಗಳ ಆಕ್ಕತಿ.

ಪೀಣ್ಯ_ಲೆಕ್ಕಪತ್ರ · 23 ಮೇ 2020

ಮೂರು ಸುದ್ದಿ. ಕಂತು ಮುಂದೂಡಿಕೆಯನ್ನ ನಿನ್ನೆ ರಿಸರ್ವ್ ಬ್ಯಾಂಕ್ ಆಗಸ್ಟ್ 31ರವರೆಗೆ ವಿಸ್ತರಿಸಿದೆ. ಪೂರ್ತಿ ಸಂಬಳದ ಮಾರ್ಚ್ 29ರ ಆದೇಶವನ್ನ ಕೇಂದ್ರ ವಾಪಸ್ ಪಡೆದಿದೆ, ಹಾಗಾಗಿ ಇನ್ನು ಮಾತುಕತೆಯೇ ದಾರಿ. ಮತ್ತೆ, ಕರೆಂಟ್ ಬಿಲ್ ನೋಡಿ ಗಾಬರಿ ಆಗಬೇಡಿ: ಏಪ್ರಿಲ್‌ನಲ್ಲಿ ಮೀಟರ್ ನೋಡದೆ ಸರಾಸರಿ ಬಿಲ್ ಕೊಟ್ಟಿದ್ದರು, ಈಗ ಎರಡೂ ತಿಂಗಳದ್ದು ಸೇರಿ ಬರ್ತಿದೆ. ಎರಡು ತಿಂಗಳ ಯೂನಿಟ್‌ಗೆ ಒಂದೇ ತಿಂಗಳ ಸ್ಲ್ಯಾಬ್ ಹಾಕಿದ್ದಾರಾ ಅಂತ ಪರಿಶೀಲಿಸಿ, ಹಾಗಿದ್ದರೆ ಉಪವಿಭಾಗ ಕಚೇರಿಗೆ ಬರೆದುಕೊಡಿ.

ಸೂಜಿದಾರ_ರಾಜಾಜಿನಗರ · 24 ಜೂನ್ 2020

ನಾಳೆ ಎಸ್ಸೆಸ್ಸೆಲ್ಸಿ ಶುರು. ಚಂದನದಲ್ಲಿ ಬರ್ತಿದ್ದ ಪುನರ್ಮನನ ಪಾಠಗಳು ಫೋನಿನ ಕಷ್ಟ ತುಂಬಾ ಕಡಿಮೆ ಮಾಡಿದವು. ಯಜಮಾನರಿಗೆ ಕೆಲಸ ಶುರುವಾಗಿದೆ, ಸಂಬಳ ಮುಕ್ಕಾಲು. ಜೂನ್‌ನಿಂದ ಎರಡೂ ಕಂತು ಕಟ್ಟೋಕೆ ಶುರು ಮಾಡಿದ್ವಿ, ಎರಡನೇ ಸಲದ ಮುಂದೂಡಿಕೆ ತಗೊಳ್ಳಲಿಲ್ಲ. ಪಿಎಫ್ ಮುಟ್ಟಿಲ್ಲ. ಉಳಿತಾಯ 58ರಿಂದ 31 ಸಾವಿರಕ್ಕೆ ಬಂದಿದೆ. ಚೀಟಿ ಮತ್ತೆ ಶುರುವಾಗಿದೆ.

ಕುಡ್ಲದ_ಮಗಳು · 18 ಆಗಸ್ಟ್ 2020

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ನನ್ನ ಗಂಡ ದುಬೈಯಲ್ಲಿ ಇದ್ದರು, ಕೆಲಸ ಹೋಗಿ ಜೂನ್‌ನಲ್ಲಿ ಮಂಗಳೂರಿಗೆ ಬಂದರು. ಮನೆಯ ಸಾಲ ಉಂಟು, ಆರು ತಿಂಗಳು ಕಂತು ಕಟ್ಟಿಲ್ಲ. ಸೆಪ್ಟೆಂಬರಿನಿಂದ ಕಟ್ಟಬೇಕು. ಈಗ ಚಿನ್ನದ ಮೇಲೆ ಬ್ಯಾಂಕುಗಳು ಶೇ. 90ರವರೆಗೆ ಸಾಲ ಕೊಡಬಹುದು ಅಂತ ಆಗಿದೆಯಂತೆ. ಬಳೆ ಇಟ್ಟು ಕಂತು ಕಟ್ಟುವುದಾ? ಅತ್ತೆ ಬೇಡ ಹೇಳುತ್ತಾರೆ, ಗಂಡ ಮಾತೇ ಆಡುವುದಿಲ್ಲ.

ಬ್ಯಾಂಕ್_ನಿವೃತ್ತ · 18 ಆಗಸ್ಟ್ 2020

ಮಗಳೇ, ಮೊದಲು ನಿಮ್ಮ ಶಾಖೆಗೆ ಹೋಗಿ ಬಾಕಿ ಪತ್ರ ತಗೊಳ್ಳಿ: ಆರು ತಿಂಗಳ ಬಡ್ಡಿ ಎಷ್ಟು ಸೇರಿದೆ, ಹೊಸ ಕಂತು ಎಷ್ಟು, ಅವಧಿ ಎಷ್ಟು. ಕಂತು ಹೆಚ್ಚಿಸ್ತೀರೋ ಅವಧಿ ಹೆಚ್ಚಿಸ್ತೀರೋ ಅಂತ ಕೇಳ್ತಾರೆ. ಸದ್ಯಕ್ಕೆ ಅವಧಿ ಹೆಚ್ಚಿಸಿ, ಆದಾಯ ಬಂದ ಮೇಲೆ ಸ್ವಲ್ಪ ಸ್ವಲ್ಪ ಅಸಲು ಕಟ್ಟಿ ಇಳಿಸಬಹುದು. ಗಂಡನ ಕೆಲಸ ಹೋಗಿರೋದು ಕೊರೊನಾದಿಂದ ಅಂತ ಅರ್ಜಿಯಲ್ಲಿ ಬರೆದು, ಸಾಲವನ್ನ ಹೊಸದಾಗಿ ಹೊಂದಿಸಿಕೊಡಿ ಅಂತ ಕೇಳಿ. ಅದಕ್ಕೂ ರಿಸರ್ವ್ ಬ್ಯಾಂಕ್ ಈ ತಿಂಗಳೇ ದಾರಿ ಮಾಡಿಕೊಟ್ಟಿದೆ. ಕೆಲಸ ಹೋದ ಪತ್ರ, ವೀಸಾ ರದ್ದಾದ ಕಾಗದ ಜೊತೆಗಿರಲಿ.

ಚಿನ್ನ ಆಮೇಲಿನ ಮಾತು. 90 ಸಿಗುತ್ತೆ ಅಂತ 90 ತಗೋಬೇಡಿ. ಈಗ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿದೆ, ಇಳಿದರೆ ಬ್ಯಾಂಕಿನವರು ವ್ಯತ್ಯಾಸ ಕಟ್ಟಿ ಅಂತಾರೆ. ನಾಲ್ಕು ಕಂತಿಗೆ ಸಾಲುವಷ್ಟು ಮಾತ್ರ, ಬೆಲೆಯ ಅರ್ಧದ ಒಳಗೆ. ಊರಿನ ಸಹಕಾರ ಸಂಘದಲ್ಲೂ ಬಡ್ಡಿ ವಿಚಾರಿಸಿ.

ಹುಬ್ಬಳ್ಳಿ_ಅವ್ವ · 19 ಆಗಸ್ಟ್ 2020

ತಂಗಿ, ಬ್ಯಾಂಕಿಗೆ ಹೋಗುವಾಗ ಯಜಮಾನರನ್ನೂ ಕರಕೊಂಡ ಹೋಗು. ಒಬ್ಬಾಕೀನ ಹೋಗಬ್ಯಾಡ. ಆ ಬಾಕಿ ಕಾಗದ ಅವರ ಕೈಯಾಗ ಕೊಡು, ಅವರ ಓದಲಿ, ಅವರ ಕೇಳಲಿ.

ಕುಡ್ಲದ_ಮಗಳು · 21 ಆಗಸ್ಟ್ 2020

ಇಬ್ಬರೂ ಹೋಗಿ ಬಂದೆವು. ಅರ್ಜಿ ಕೊಟ್ಟಾಯಿತು, ರಶೀದಿ ಉಂಟು. ಮ್ಯಾನೇಜರ್ ಹತ್ತಿರ ಎಲ್ಲ ಪ್ರಶ್ನೆ ಅವರೇ ಕೇಳಿದರು. ಸೋಮವಾರ ಸಹಕಾರ ಸಂಘಕ್ಕೆ ಹೋಗುತ್ತೇವೆ, ಅತ್ತೆಯೂ ಬರುತ್ತೇನೆ ಅಂದಿದ್ದಾರೆ.